ಕಂಪ್ಯೂಟರಿನ ಅಂಗಿ

ಟಪ್ ಅಂತ ಕಂಪ್ಯೂಟರ್ ಆರಿಹೋಯಿತು.

"ಅಯ್ಯೋ, ಮತ್ತೆ ಆಫ್ ಆಯ್ತು!" ಅಮ್ಮ ಎರಡೂ ಕೈ ತಲೆಯ ಮೇಲೆ ಇಟ್ಟುಕೊಂಡಳು. "ಈಗಷ್ಟೇ ಅಡುಗೆಮನೆ ಗೋಡೆ ಎಳೆದಿದ್ದೆ. ಸೇವ್ ಕೂಡ ಮಾಡಿರಲಿಲ್ಲ. ಏ ಪಟಾಕೀ, ಬಾ ಇಲ್ಲಿ!"

ಪಟಾಕಿ ಅಂದರೆ ಐದನೇ ಕ್ಲಾಸಿನ ಹುಡುಗಿ. ಸ್ಕೂಲಿನಲ್ಲಿ ಅವಳಿಗೆ ಬೇರೆ ಹೆಸರಿದೆ. ಆದರೆ ಕಿಡಿ ತಾಕಿದರೆ ಸಾಕು, ಚಟಪಟ ಸಿಡಿಯುವ ಅವಳನ್ನು ಮನೆಯಲ್ಲಿ ಯಾರೂ ಆ ಹೆಸರಿನಿಂದ ಕರೆಯುವುದಿಲ್ಲ.

"ನಾನೇನೂ ಮಾಡಿಲ್ಲಮ್ಮ! ಮುಟ್ಟೇ ಇಲ್ಲ!"

"ಇವತ್ತು ಮುಟ್ಟಿಲ್ಲ. ಹೋದ ವಾರ ಆ ಕಾರ್ ರೇಸ್ ಗೇಮ್ ಹಾಕಿದ್ದು ಯಾರು? ಅವತ್ತಿಂದಲೇ ತಾನೇ ಇದು ಹೀಗಾಡ್ತಿರೋದು?"

ಅಮ್ಮ ಮನೆಯಲ್ಲೇ ಕೂತು ಬೇರೆಯವರ ಮನೆಗಳಿಗೆ ಪ್ಲಾನ್ ಬರೆಯುತ್ತಾಳೆ. ಬಾಗಿಲು ಎಲ್ಲಿ, ಕಿಟಕಿ ಎಲ್ಲಿ, ಮೆಟ್ಟಿಲು ಎಷ್ಟು ಅಗಲ, ಎಲ್ಲ ಈ ಕಂಪ್ಯೂಟರಿನಲ್ಲೇ ಆಗಬೇಕು. ಸಂಜೆಯೊಳಗೆ ಒಂದು ಪ್ಲಾನ್ ಎಂಜಿನಿಯರಿಗೆ ಹೋಗಬೇಕಿತ್ತು. ಹೋಗದಿದ್ದರೆ ಮುಂದಿನ ಕೆಲಸ ಬೇರೆಯವರ ಪಾಲು. ರಿಪೇರಿಯವನೋ, ನಾಳೆ ಬರ್ತೀನಿ ಅಂದಿದ್ದ.

ಅಮ್ಮ ಹೇಗೋ ಮತ್ತೆ ಆನ್ ಮಾಡಿ, ಮೊದಲು ಆ ಗೇಮನ್ನು ಡಿಲೀಟ್ ಮಾಡಿ, ಪುನಃ ಆಫ್ ಮಾಡಿದಳು. "ಸ್ವಲ್ಪ ಹೊತ್ತು ಹಾಗೇ ಇರಲಿ. ಎಂಜಿನಿಯರ್ ಹತ್ತಿರ ಇನ್ನೊಂದು ಗಂಟೆ ಟೈಮ್ ಕೇಳ್ತೀನಿ," ಎನ್ನುತ್ತ ಫೋನ್ ಹಿಡಿದು ಬಾಲ್ಕನಿಗೆ ಹೋದಳು.

ಪಟಾಕಿ ಧಪ್ ಅಂತ ನೆಲಕ್ಕೆ ಕಾಲು ಬಡಿದಳು. ಮಾಡಿದ ತಪ್ಪಿಗೆ ಬೈದರೆ ಸರಿ, ಮಾಡದ ತಪ್ಪಿಗೆ ಬೈಸಿಕೊಳ್ಳುವುದು ಯಾವ ನ್ಯಾಯ? ಸಿಟ್ಟು ಬಂದಾಗ ಅವಳು ಹೋಗಿ ಕೂರುವುದು ಕಂಪ್ಯೂಟರ್ ಟೇಬಲ್ ಕೆಳಗೆ. ಅಲ್ಲಿ ತೂರಿಕೊಂಡು, ಪಕ್ಕದಲ್ಲಿದ್ದ ಸಿಪಿಯುಗೆ ಬೆನ್ನು ಒರಗಿಸಿದಳು.

ಚುರ್ ಅಂದಿತು!

ತಿರುಗಿ ಮುಟ್ಟಿ ನೋಡಿದಳು. ಜ್ವರ ಬಂದವರ ಹಣೆಯ ಹಾಗೆ ಸುಡುತ್ತಿತ್ತು. ಸಿಪಿಯುಗೆ ಅಜ್ಜಿ ಹೊಲಿದ ಹೂವಿನ ಅಂಗಿ ಇತ್ತು. ಹಳೇ ಪರದೆ ಬಟ್ಟೆಯದು, ಅಂಚಿಗೆ ಫ್ರಿಲ್ ಬೇರೆ. ಮುಂದೆ ಬಟನ್ ಒತ್ತಲು ಅಜ್ಜಿ ನೀಟಾಗಿ ಕಿಂಡಿ ಬಿಟ್ಟಿದ್ದಳು. ಹಿಂದೆ ಮಾತ್ರ ವೈರುಗಳಿಗೆ ಒಂದು ಸೀಳು, ಅಷ್ಟೇ. ಫ್ಯಾನಿನ ಜಾಗ ಪೂರಾ ಮುಚ್ಚಿಹೋಗಿತ್ತು.

ಅಂಗಿ ಎತ್ತಿದಾಗ ಬಿಸಿ ಗಾಳಿ ಭುಸ್ಸೆಂದು ಮುಖಕ್ಕೆ ಬಂತು. "ಗೋಡೆಗೆ ತಾಗಿಸಬೇಡಿ, ಹಿಂದೆ ಗಾಳಿ ಆಡ್ಬೇಕು" ಎಂದು ಸ್ಕೂಲ್ ಲ್ಯಾಬಿನಲ್ಲಿ ಕಂಪ್ಯೂಟರ್ ಟೀಚರ್ ದಿನಾ ಕೂಗುವುದು ಅವಳಿಗೆ ನೆನಪಾಯಿತು. ಅಜ್ಜಿ ಈ ಅಂಗಿ ತೊಡಿಸಿದ್ದೂ ಹೋದ ವಾರವೇ!

"ಅಮ್ಮಾ! ತಪ್ಪು ನಂದಲ್ಲ!" ಎಂದು ಕೂಗಲು ಬಾಯಿ ತೆರೆದು ಬಾಲ್ಕನಿ ಕಡೆ ಓಡಿದಳು. ದಾರಿಯಲ್ಲಿ ಅಜ್ಜಿಯ ಕೋಣೆ. ಅಜ್ಜಿ ಕನ್ನಡಕ ಏರಿಸಿಕೊಂಡು ಹೊಲಿಗೆ ಮಿಷನ್ ಮುಂದೆ ಕೂತಿದ್ದಳು.

"ಬಂದೆಯಾ? ಈ ಅಂಚು ಸ್ವಲ್ಪ ಹಿಡ್ಕೊಳ್ಳೇ. ಉಳಿದ ಬಟ್ಟೇಲಿ ಟಿವಿ ಥರ ಇದೆಯಲ್ಲ, ಆ ಮಾನಿಟರಿಗೂ ಒಂದು ಹೊಲೀತಿದ್ದೀನಿ. ನೋಡು, ದಾರ ನಾನೇ ಪೋಣಿಸಿದೆ! ಯಾರನ್ನೂ ಕರೀಲಿಲ್ಲ!"

ಕಣ್ಣು ಮಂಜಾದಾಗ ಅಜ್ಜಿ ಹೊಲಿಗೆಯನ್ನೇ ಬಿಟ್ಟಿದ್ದಳು. ಆಪರೇಷನ್ ಆದ ಮೇಲೆ ಹೊಲಿದ ಮೊದಲ ಬಟ್ಟೆ ಕಂಪ್ಯೂಟರಿನ ಅಂಗಿ. ಅದನ್ನು ತೊಡಿಸಿದ ದಿನ ಬಂದವರಿಗೆಲ್ಲ ಕೈ ಹಿಡಿದು ಕರೆದೊಯ್ದು ತೋರಿಸಿದ್ದಳು.

ಪಟಾಕಿಯ ನಾಲಿಗೆ ತುದಿಗೆ ಬಂದ ಮಾತು ಅಲ್ಲೇ ನಿಂತಿತು. ಅವಳು ಸುಮ್ಮನೆ ಅಂಚು ಹಿಡಿದಳು.

ಆ ಹೊಲಿಗೆ ಮುಗಿದದ್ದೇ ತಡ, ಓಡಿಹೋಗಿ ಸಿಪಿಯು ಅಂಗಿಯನ್ನು ಪೂರಾ ಬಿಚ್ಚಿ, ಮಡಚಿ, ಸ್ಕೂಲ್ ಬ್ಯಾಗಿನೊಳಗೆ ತುರುಕಿದಳು. ಅಮ್ಮ ಬಂದು ಕಂಪ್ಯೂಟರ್ ಆನ್ ಮಾಡಿದಳು. ಗೋಡೆ ಎದ್ದಿತು, ಬಾಗಿಲು ಬಂತು, ಮೆಟ್ಟಿಲು ಏರಿತು. ಒಮ್ಮೆಯೂ ಆಫ್ ಆಗಲಿಲ್ಲ. ಸಂಜೆಯೊಳಗೆ ಪ್ಲಾನ್ ಎಂಜಿನಿಯರಿಗೆ ಹೋಯಿತು.

"ನೋಡಿದೆಯಾ?" ಅಮ್ಮ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದಳು. "ನಿನ್ನ ಗೇಮ್ ಹೋಯ್ತು, ಕಾಯಿಲೆ ವಾಸಿ ಆಯ್ತು!"

ಪಟಾಕಿ ಸಿಡಿಯಲಿಲ್ಲ. ತುಟಿ ಕಚ್ಚಿಕೊಂಡಳು. ತುಂಬಾ ಕಷ್ಟವಾಯಿತು.

ಅಷ್ಟರಲ್ಲಿ ಹೊಸ ಅಂಗಿ ಕೈಯಲ್ಲಿ ಹಿಡಿದು, ಆ ಮಾತು ಕೇಳಿಸಿಕೊಳ್ಳುತ್ತಲೇ ಅಜ್ಜಿ ಬಂದಳು. ಬಂದವಳು ಬೋಳು ಸಿಪಿಯು ನೋಡಿ ನಿಂತುಬಿಟ್ಟಳು. "ಇದರ ಅಂಗಿ ಎಲ್ಲಿ ಹೋಯ್ತೇ?"

"ಅದು... ಕೊಳೆ ಆಗಿತ್ತು ಅಜ್ಜಿ. ಒಗೆಯೋಣ ಅಂತ ತೆಗೆದಿಟ್ಟೆ."

"ನೀನು? ನಿನ್ನ ಸಾಕ್ಸ್ ಒಗೆಯೋಕೆ ಹೇಳಿದ್ರೆ ಮೂಗು ಮುರಿಯೋಳು?"

ಅಜ್ಜಿ ಅವಳ ಮುಖವನ್ನೇ ದಿಟ್ಟಿಸಿದಳು. ಆಮೇಲೆ ಮೆಲ್ಲಗೆ ಬಾಗಿ ಸಿಪಿಯು ಹಿಂದೆ ಕೈ ಇಟ್ಟಳು. ಬಿಸಿ ಗಾಳಿ ಅಂಗೈಗೆ ಬಡಿಯಿತು. ಅಜ್ಜಿಗೆ ಯಾರೂ ಏನೂ ಹೇಳಬೇಕಾಗಲಿಲ್ಲ.

"ರಾಮ ರಾಮಾ! ಬೇಸಿಗೇಲಿ ಸ್ವೆಟರ್ ಹಾಕಿ ಕೂರಿಸಿದ ಹಾಗಾಯ್ತಲ್ಲ!" ಅಜ್ಜಿ ಅಮ್ಮನ ಕಡೆ ತಿರುಗಿದಳು. "ತಪ್ಪು ಮಗೂದಲ್ಲ ಕಣಮ್ಮ, ನಂದು. ಇದರ ಉಸಿರು ಕಟ್ಟಿಸಿದ್ದು ನಾನು."

ಅಮ್ಮ ಸಿಪಿಯು ನೋಡಿದಳು, ಅಜ್ಜಿಯನ್ನು ನೋಡಿದಳು. ಅವಳಿಗೂ ಅರ್ಥವಾಯಿತು.

"ನೀನು ಹಗಲೂ ರಾತ್ರಿ ಇದರ ಮುಂದೆ ಕೂತು ದುಡಿದೆ, ನನ್ನ ಕಣ್ಣಿನ ಆಪರೇಷನ್ ಆಯ್ತು," ಅಂದಳು ಅಜ್ಜಿ. "ನಿನಗೆ ನಾನೇನು ಕೊಡಲಿ? ಈ ಮಿಷನ್ನಿಗಾದ್ರೂ ಧೂಳು ಕೂರದೆ ಇರಲಿ ಅಂತ..."

ಅಮ್ಮ ಎದ್ದು ಅಜ್ಜಿಯ ಕೈ ಹಿಡಿದುಕೊಂಡಳು. "ನಾನು ಇದರ ಮುಂದೆ ಕೂತಿರೋವಾಗ ಅಡುಗೆ ಮಾಡಿ, ಈ ಪಟಾಕಿಯನ್ನ ಸಂಭಾಳಿಸಿದ್ದು ಯಾರು ಅತ್ತೆ? ನೀವಿಲ್ಲದಿದ್ರೆ ನಾನು ಒಂದು ಗೋಡೆನೂ ಎಳೀತಿರಲಿಲ್ಲ. ಕಂಪ್ಯೂಟರ್ ಆಫ್ ಮಾಡಿ, ತಣ್ಣಗಾದ ಮೇಲೆ ಅಂಗಿ ಹಾಕೋಣ. ಬೆಳಗ್ಗೆ ತೆಗೆಯೋಣ. ಧೂಳಿಗೂ ಒಳ್ಳೇದೇ."

ಆಮೇಲೆ ಮಗಳ ಕಡೆ ತಿರುಗಿದಳು. "ನಿನಗೆ ಮೊದಲೇ ಗೊತ್ತಿತ್ತಾ? ಸುಮ್ಮನೆ ಬೈದುಬಿಟ್ಟೆ, ಸಾರಿ ಕಣೇ. ಯಾಕೆ ಹೇಳಲಿಲ್ಲ?"

"ಹೇಳೋಕೇ ಓಡಿ ಬಂದೆ," ಪಟಾಕಿ ಫ್ರಾಕಿನ ತುದಿ ತಿರುಚಿದಳು. "ಅಷ್ಟರಲ್ಲಿ ಅಜ್ಜಿ ಅಂಚು ಹಿಡ್ಕೋ ಅಂದಳು. ಹಿಡ್ಕೊಂಡೆ."

ಅಮ್ಮ ಅವಳ ಕೂದಲು ಸವರಿ, ಬ್ರಷ್ ಹುಡುಕಲು ಒಳಗೆ ಹೋದಳು. ಕಂಪ್ಯೂಟರ್ ಆಫ್ ಮಾಡಿ ಫ್ಯಾನಿನ ಧೂಳು ತೆಗೆಯುವುದು ಬಾಕಿ ಇತ್ತು.

ಅಜ್ಜಿ ಇನ್ನೂ ಸಿಪಿಯು ಹಿಂದೆ ಕೈ ಒಡ್ಡಿಕೊಂಡೇ ಇದ್ದಳು. ಪಟಾಕಿಯೂ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ತನ್ನ ಕೈ ಒಡ್ಡಿದಳು. ಗಾಳಿ ಈಗ ಬರೀ ಬೆಚ್ಚಗಿತ್ತು.

"ಏ," ಅಜ್ಜಿ ಅಮ್ಮನಿಗೆ ಕೇಳದಷ್ಟು ಮೆಲ್ಲಗೆ ಅಂದಳು. "ನೀನು ಆಗಲೇ ಮನೆಯೆಲ್ಲ ಕೇಳೋ ಹಾಗೆ ಕೂಗಿ ಹೇಳಿದ್ದಿದ್ರೆ, ನಾನು ಇನ್ನು ಹೊಲಿಗೆ ಮಿಷನ್ ಮುಟ್ಟುತ್ತಿರಲಿಲ್ಲ."

ಪಟಾಕಿ ಇನ್ನಷ್ಟು ಒತ್ತಿ ಕೂತು, ಅಜ್ಜಿಯ ತೋಳಿಗೆ ತಲೆ ಆನಿಸಿದಳು.