ಆಷಾಢದ ಹುಣ್ಣಿಮೆಗೆ ಬಂದವರು

ಜುಲೈ ಹತ್ತು, ಗುರುವಾರ, ಆಷಾಢದ ಹುಣ್ಣಿಮೆ. ಬೆಳಿಗ್ಗೆ ಹತ್ತೂವರೆಗೆ ಮೈತ್ರಿ ತನ್ನ ತಾಯಿ ಮಾರಮ್ಮನ ಜೊತೆ ಠಾಣೆಗೆ ಬಂದಳು. ಮಾರಮ್ಮನ ಚೀಲದಲ್ಲಿ ಬುದ್ಧನ ಫೋಟೊ, ಮೇಣದಬತ್ತಿ, ಒಂದು ಮೊಳ ಮಲ್ಲಿಗೆ ಇದ್ದವು. ಖಾಸಗಿ ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಮೈತ್ರಿ ದೂರನ್ನು ಬರೆದೇ ತಂದಿದ್ದಳು: ಕುಮಾರಸ್ವಾಮಿ ಲೇಔಟ್ ಎರಡನೇ ಹಂತದಲ್ಲಿ ತಾನು ಅಗ್ರಿಮೆಂಟ್ ಮಾಡಿಕೊಂಡಿರುವ ಮೊದಲ ಮಹಡಿಯ ಮನೆಯನ್ನು ಅದೇ ವ್ಯಕ್ತಿ ಇನ್ನೊಬ್ಬರಿಗೂ ಮಾರಲು ಹೊರಟಿದ್ದಾನೆ.

ಹೆಡ್ ಕಾನ್‌ಸ್ಟೇಬಲ್ ಮೊದಲ ಸಾಲು ಓದಿ ಕಾಗದವನ್ನು ಹಿಂದಕ್ಕೆ ತಳ್ಳಿದ. "ಇದು ಸಿವಿಲ್ ಮ್ಯಾಟರಮ್ಮ. ಲಾಯರ್‌ನ ನೋಡಿ."

ಇನ್‌ಸ್ಪೆಕ್ಟರ್ ಭೀಮರಾಯ ಒಳಗಿನಿಂದಲೇ ಕೇಳಿಸಿಕೊಂಡರು. "ಒಂದೇ ಮನೆ ಇಬ್ಬರಿಗೆ ಮಾರಿದ್ರೆ ಮೋಸ. ಸಿವಿಲ್ ಅಂತ ವಾಪಸ್ ಕಳಿಸಿದ್ರೆ ಅವನು ಓಡಿಹೋಗೋಕೆ ನಾವೇ ಬಸ್ ಚಾರ್ಜ್ ಕೊಟ್ಟ ಹಾಗೆ. ಒಳಗೆ ಕಳಿಸ್ರೀ."

ವಿಚಾರಣೆ ಶುರುವಾಯಿತು.

"ಮಾರಿದ್ದು ಯಾರು?"

"ಶಶಿಕಾಂತ್ ಅಂತ ಸಾರ್. ಓನರ್ ರಾಮಪ್ರಸಾದ ಅಂತೆ. ಅವರ ಪರವಾಗಿ ಮಾರೋಕೆ ಜಿಪಿಎ ಇದೆ ಅಂತ ತೋರಿಸ್ದ."

"ರಾಮಪ್ರಸಾದರ ಜೊತೆ ಮಾತಾಡಿದ್ರಾ?"

"ಕಾಶಿಯಲ್ಲಿದ್ದಾರೆ, ಮೌನವ್ರತ ಅಂದ."

"ಫೋನಿಗೂ ಮೌನವ್ರತಾನಾ?"

ಮಾರಮ್ಮ ಮಧ್ಯೆ ಬಾಯಿ ಹಾಕಿದರು. "ನಾವೆಷ್ಟು ಮನೆ ಮೆಟ್ಟಿಲು ಹತ್ತಿದ್ವಿ ಸಾರ್. ಎಲ್ರೂ ಬಾಗಿಲಲ್ಲೇ ನಿಲ್ಸಿ ಯಾವ ಜನ ಅಂತ ಕೇಳಿದ್ರು. ಇವನೊಬ್ಬ ಕೇಳ್ಲಿಲ್ಲ. ಕೂರ್ಸಿ ನೀರು ಕೊಟ್ಟ. ಅಂಥೋನ್ನ ಹೆಂಗೆ ಅನುಮಾನ ಪಡೋದು?"

ಶ್ರೀನಗರದ ತಮ್ಮ ಪುಟ್ಟ ಮನೆಯನ್ನು ಅವರು ಮಾರಿಯಾಗಿತ್ತು. ತಿಂಗಳ ಕೊನೆಗೆ ಖಾಲಿ ಮಾಡಬೇಕು. ಬಂದ ಹಣವೆಲ್ಲ ಮುಂಗಡವಾಗಿ ಶಶಿಕಾಂತನ ಖಾತೆ ಸೇರಿತ್ತು. ನೋಂದಣಿ ಆಷಾಢ ಕಳೆದ ಮೇಲೆ ಎಂದು ಅವನು ಹೇಳಿದ್ದ. ಈ ಊರಿನಲ್ಲಿ ಆ ಮಾತಿಗೆ ಯಾರೂ ಎದುರಾಡುವುದಿಲ್ಲ. ಆಷಾಢದಲ್ಲಿ ಹೊಸ ಮನೆಯ ಹೊಸ್ತಿಲು ತುಳಿಯಲು ಹೆಚ್ಚಿನವರು ಹಿಂಜರಿಯುತ್ತಾರೆ.

ಆದರೆ ಮಾರಮ್ಮನ ಮನೆಯವರು ಬೌದ್ಧರು. ಬುದ್ಧ ಮೊದಲ ಬೋಧನೆ ಮಾಡಿದ ಈ ಹುಣ್ಣಿಮೆ ಅವರಿಗೆ ವರ್ಷದ ದೊಡ್ಡ ದಿನಗಳಲ್ಲೊಂದು. ಕೀಲಿ ಇಲ್ಲದಿದ್ದರೂ ಬಾಗಿಲ ಮುಂದೆಯೇ ಮೇಣದಬತ್ತಿ ಹಚ್ಚಿ ವಂದನೆ ಹೇಳಿ ಬರೋಣವೆಂದು ಬೆಳಿಗ್ಗೆ ಹೋಗಿದ್ದರು. ಬಾಗಿಲು ತೆರೆದಿತ್ತು. ಒಳಗೆ ಬಡಗಿ ಬೈಲಪ್ಪ ವಾರ್ಡ್‌ರೋಬ್ ಕೂರಿಸುತ್ತಿದ್ದ. "ಇದು ದೇವರಾಜ್ ಸಾರ್ ಮನೆ ಅಲ್ವಾ ಅಕ್ಕ? ಶ್ರಾವಣದಲ್ಲಿ ಹಾಲುಕ್ಕಿಸ್ತಾರೆ. ಅಷ್ಟರಲ್ಲಿ ಮುಗಿಸು ಅಂದವ್ರೆ. ಶಶಿಕಾಂತ್ ಸಾರೇ ಕೀಲಿ ಕೊಟ್ಟವ್ರೆ" ಎಂದಿದ್ದ.

"ಶಶಿಕಾಂತ್‌ಗೆ ಫೋನ್ ಮಾಡಿದ್ರಾ?"

"ಇಲ್ಲ ಸಾರ್. ಗೊತ್ತಾದ್ರೆ ಹಣ ಎತ್ಕೊಂಡು ಹೋಗ್ತಾನೆ ಅಂತ ಸೀದಾ ಇಲ್ಲಿಗೆ ಬಂದ್ವಿ."

"ಒಳ್ಳೇದು ಮಾಡಿದ್ರಿ."

ವಂಚನೆ ಮತ್ತು ನಕಲಿ ದಾಖಲೆ ಸೃಷ್ಟಿಯ ಆರೋಪದಡಿ ಹನ್ನೊಂದೂಕಾಲಿಗೆ ಎಫ್‌ಐಆರ್ ದಾಖಲಾಯಿತು. ಖಾತೆಯ ವಹಿವಾಟು ತಡೆಹಿಡಿಯುವಂತೆ ಬ್ಯಾಂಕಿಗೆ ಪತ್ರ ಹೋಯಿತು. ಮನೆ ತೆರಿಗೆಯ ದಾಖಲೆಯಲ್ಲಿದ್ದ ನಂಬರಿಗೆ ಕಾನ್‌ಸ್ಟೇಬಲ್ ವನಿತಾ ಫೋನ್ ಮಾಡಿದಳು. ರಾಮಪ್ರಸಾದ ಕಾಶಿಯಲ್ಲಿರಲಿಲ್ಲ. ಜಯನಗರದ ತಮ್ಮ ಮನೆಯಲ್ಲಿ ಪೇಪರ್ ಓದುತ್ತಿದ್ದರು. ಆಟೊದಲ್ಲಿ ಬಂದು ಹೇಳಿಕೆ ಕೊಟ್ಟರು.

"ಶಶಿಕಾಂತ್ ನಮ್ಮ ಬಾಡಿಗೆದಾರ. ಜನವರಿಯಿಂದ ಇದ್ದಾನೆ. ಜಿಪಿಎ ಗಿಪಿಎ ನಾನು ಯಾರಿಗೂ ಬರೆದುಕೊಟ್ಟಿಲ್ಲ."

"ಕ್ರಯಪತ್ರದ ಜೆರಾಕ್ಸ್ ಅವನ ಕೈಗೆ ಹೇಗೆ ಬಂತು?"

"ಆಫೀಸಿಗೆ ಬೇಕು ಅಂದ. ಕೊಟ್ಟೆ."

"ಯಾವ ಆಫೀಸು?"

"ಕೇಳಲಿಲ್ಲ."

"ಬಾಡಿಗೆಗೆ ಕೊಡೋ ಮೊದಲು ಏನು ಕೇಳಿದ್ರಿ?"

"ನಮ್ಮವರೇನಾ ಅಂತ ಕೇಳಿದೆ. ಹೌದು ಅಂದ. ಮತ್ತೇನು ಕೇಳೋದು?"

ಹೇಳಿಕೆ ಬರೆದುಕೊಳ್ಳುತ್ತಿದ್ದ ವನಿತಾಳ ಪೆನ್ನು ಒಂದು ಗಳಿಗೆ ನಿಂತಿತು. ಭೀಮರಾಯ ಹೇಳಿದರು, "ಬರ್ಕೋಮ್ಮ. ಅವರು ಹೇಳಿದ ಹಾಗೇ ಬರ್ಕೊ."

ಅಷ್ಟರಲ್ಲಿ, ಬೈಲಪ್ಪನಿಂದ ನಂಬರ್ ಪಡೆದು ಕರೆಸಿದ್ದ ದೇವರಾಜ್ ಬಂದ. ಬಿಟಿಎಂ ಲೇಔಟ್‌ನಲ್ಲಿ ಎಲೆಕ್ಟ್ರಿಕಲ್ ಅಂಗಡಿ ಇಟ್ಟವನು. ಲಾಯರ್ ಕೊಟ್ಟ ಲೀಗಲ್ ಒಪಿನಿಯನ್ ಅನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತಂದಿದ್ದ.

"ನಿಮ್ಮ ಲಾಯರ್ ನೋಡಿದ್ದು ಒರಿಜಿನಲ್ಲಾ, ಜೆರಾಕ್ಸಾ?"

"ಜೆರಾಕ್ಸ್ ಸಾರ್."

"ಜಿಪಿಎ ರಿಜಿಸ್ಟರ್ ಆಗಿದ್ಯಾ ಅಂತ ಸಬ್‌ರಿಜಿಸ್ಟ್ರಾರ್ ಆಫೀಸಿನಲ್ಲಿ ವಿಚಾರಿಸಿದ್ರಾ? ಓನರ್ ಮುಖ ನೋಡಿದ್ರಾ? ಪಕ್ಕದ ಮನೆಯವರನ್ನಾದ್ರೂ ಈ ಮನೆ ಯಾರದು ಅಂತ ಕೇಳಿದ್ರಾ?"

ದೇವರಾಜ್ ಕವರನ್ನು ಭೀಮರಾಯರ ಕೈಗೆ ಕೊಟ್ಟ.

"ಅಡುಗೆಮನೆ ಟೈಲ್ಸ್‌ಗೆ ಎಷ್ಟು ಅಂಗಡಿ ಸುತ್ತಿದ್ರಿ?"

"ಆರು ಸಾರ್."

"ಟೈಲ್ಸ್‌ಗೆ ಆರು ಅಂಗಡಿ. ಮನೆಗೆ ಒಂದು ಜೆರಾಕ್ಸು." ಭೀಮರಾಯರ ದನಿ ಏರಲಿಲ್ಲ. ಕವರನ್ನು ಮಾತ್ರ ಮೇಜಿನ ಮೇಲೆ ಸ್ವಲ್ಪ ಜೋರಾಗಿಯೇ ಇಟ್ಟರು. ಹಣ ಪಡೆದು, ಮಾಲೀಕರ ಮುಖವನ್ನೂ ನೋಡದೆ, ಎಲ್ಲ ಸರಿಯಿದೆ ಎಂದು ಸಹಿ ಹಾಕಿದ ಲಾಯರಿಗೂ ನೋಟಿಸ್ ಸಿದ್ಧವಾಯಿತು.

ಶಶಿಕಾಂತನಿಗೆ ಇನ್ನೂ ಏನೂ ತಿಳಿದಿರಲಿಲ್ಲ. ಅವನು ನಿಜವಾಗಿ ಹೆದರುವುದು ಮಾಲೀಕರಿಗೆ ಸುದ್ದಿ ಹೋಗುವುದಕ್ಕೆ ಎಂದು ಭೀಮರಾಯ ಲೆಕ್ಕ ಹಾಕಿದರು. ಮಧ್ಯಾಹ್ನ ಆ ಮನೆಯಲ್ಲಿ ಸ್ಥಳ ಮಹಜರು ಮುಗಿದ ಮೇಲೆ ಬೈಲಪ್ಪನ ಕೈಯಲ್ಲೇ ಫೋನ್ ಮಾಡಿಸಿದರು.

"ಸಾರ್, ಡ್ರಿಲ್ ತಗ್ಲಿ ಪೈಪ್ ಒಡೆದೋಯ್ತು. ಕೆಳಗಡೆ ಮನೆಗೆ ನೀರು ಸೋರ್ತೈತೆ. ಆ ಆಂಟಿ ಓನರ್‌ಗೆ ಫೋನ್ ಮಾಡ್ತೀನಿ ಅಂತ ಕೂಗಾಡ್ತವ್ರೆ."

"ಅವರಿಗೆ ಫೋನ್ ಮಾಡಬೇಡಿ ಅನ್ನು. ಕೈ ಮುಗಿದು ಹೇಳು ಮಗಾ. ನಾನೇ ಬಂದೆ."

ಅರ್ಧ ಗಂಟೆಯಲ್ಲಿ ಸ್ಕೂಟರ್ ಬಂತು. ಹೆಲ್ಮೆಟ್ ತೆಗೆಯದೆ ಮೆಟ್ಟಿಲು ಹತ್ತಿದ ಶಶಿಕಾಂತ್ ಒಣನೆಲ ನೋಡಿ ಬಾಗಿಲಲ್ಲೇ ನಿಂತ.

"ನೀರೆಲ್ಲಿ?"

"ಠಾಣೇಲಿದೆ. ಬಾ, ಕುಡೀವಂತೆ" ಎಂದಳು ಬಾಗಿಲ ಹಿಂದಿದ್ದ ವನಿತಾ.

ಮೂರೂ ಇಪ್ಪತ್ತಕ್ಕೆ ಬಂಧನ. ಸ್ಕೂಟರಿನ ಡಿಕ್ಕಿಯಲ್ಲಿ ನಕಲಿ ಜಿಪಿಎ, ಮೂರನೆಯವರೊಬ್ಬರ ಹೆಸರಿಗೆ ಸಿದ್ಧವಾಗಿದ್ದ ಅಗ್ರಿಮೆಂಟ್ ಸಿಕ್ಕಿದವು.

ಠಾಣೆಯಲ್ಲಿ ಅವನು ಹೆಚ್ಚು ಸತಾಯಿಸಲಿಲ್ಲ. ಹನ್ನೆರಡು ವರ್ಷ ಬ್ರೋಕರ್ ಆಗಿದ್ದವನು.

"ಶ್ರಾವಣದ ಹೊತ್ತಿಗೆ ಊರು ಬಿಡೋದಿತ್ತು. ಆಷಾಢದಲ್ಲಿ ಯಾರೂ ಬರಲ್ಲ ಅಂದ್ಕೊಂಡಿದ್ದೆ."

"ಮೈತ್ರಿಯವರನ್ನೇ ಯಾಕೆ ಆರಿಸಿದೆ?"

"ಓನರ್‌ಗಳು ಫೋನಲ್ಲೇ ಹೇಳೋರು ಸಾರ್, ಇಂಥವರನ್ನ ಕರ್ಕೊಂಡು ಬರಬೇಡ ಅಂತ. ಎಷ್ಟೋ ಜನರನ್ನ ಗೇಟಿಂದಲೇ ವಾಪಸ್ ಕಳಿಸಿದೀನಿ. ನಂಗೆ ಕಮಿಷನ್ನೂ ಹೋಗೋದು, ಬೈಗುಳಾನೂ ಬೀಳೋದು. ಒಂದ್ಸಲ ಏನೂ ಕೇಳದೆ ಮನೆ ತೋರಿಸ್ದೆ. ಆ ಮನುಷ್ಯ ಅಳೋದೊಂದು ಬಾಕಿ. ಪೇಪರ್ ನೋಡಲೇ ಇಲ್ಲ. ಅವತ್ತು ಗೊತ್ತಾಯ್ತು, ಮರ್ಯಾದೆಯಿಂದ ಕೂರಿಸಿದ್ರೆ ಅವರು ಸಂಕೋಚಕ್ಕೆ ಏನೂ ಕೇಳಲ್ಲ ಅಂತ."

ಭೀಮರಾಯ ಅದನ್ನೂ ಬರೆಸಿದರು.

ಶುಕ್ರವಾರ ಬೆಳಿಗ್ಗೆ ಬ್ಯಾಂಕಿನಿಂದ ಉತ್ತರ ಬಂತು. ಹಣದಲ್ಲಿ ಬಹುಪಾಲು ಖಾತೆಯಲ್ಲೇ ಉಳಿದಿತ್ತು. ಕೋರ್ಟ್ ಆದೇಶವಾಗಿ ಕೈಸೇರಲು ತಿಂಗಳುಗಳು ಬೇಕು ಎಂದು ಭೀಮರಾಯ ಮೈತ್ರಿಗೆ ವಿವರಿಸಿದರು. ಅಲ್ಲಿಯವರೆಗೆ ಅವಳಿಗೆ ಬಾಡಿಗೆ ಮನೆ ಬೇಕಿತ್ತು. ತಮ್ಮ ಮನೆಯ ಕೀಲಿ ವಾಪಸ್ ಪಡೆಯಲು ಬಂದಿದ್ದ ರಾಮಪ್ರಸಾದರನ್ನು ಅವಳು ನೇರವಾಗಿಯೇ ಕೇಳಿದಳು.

"ಆ ಮನೆ ಈಗ ಖಾಲಿ ಅಲ್ವಾ ಅಂಕಲ್. ನಮಗೆ ಬಾಡಿಗೆಗೆ ಕೊಡ್ತೀರಾ? ಸ್ಯಾಲರಿ ಸ್ಲಿಪ್, ಆಧಾರ್ ಎಲ್ಲ ಕೊಡ್ತೀನಿ."

ರಾಮಪ್ರಸಾದ ಕೀಲಿಗೊಂಚಲನ್ನು ಜೇಬಿಗೆ ಹಾಕಿಕೊಂಡರು. "ಅಲ್ಲಮ್ಮ, ತಪ್ಪು ತಿಳ್ಕೋಬೇಡ. ನೀವು ಯಾವ ಜನ?"

"ನಿಮ್ಮ ಮನೆ ಉಳಿಸಿದ ಜನ" ಎಂದಳು ಮೈತ್ರಿ.

ಮನೆಯವರನ್ನು ಕೇಳಿ ಹೇಳ್ತೀನಿ ಎಂದರು ರಾಮಪ್ರಸಾದ. ಮೈತ್ರಿ ಬೇಡವೆಂದು ಕೈಯಾಡಿಸಿ, ತಾಯಿಯ ತೋಳು ಹಿಡಿದು ಮೆಟ್ಟಿಲಿಳಿದಳು. ಶಶಿಕಾಂತನನ್ನು ಕೋರ್ಟಿಗೆ ಒಯ್ಯುವ ಜೀಪು ಹೊರಗೆ ಸ್ಟಾರ್ಟ್ ಆಗಿ ನಿಂತಿತ್ತು.