ಮನೆ ಖಾಲಿ ಮಾಡಲು ಮೂರು ಕಾರಣ

ಮೆಟ್ಟಿಲ ಮೇಲೆ ನಿಂತು, "ಮುಂದಿನ ತಿಂಗಳು ಮನೆ ಖಾಲಿ ಮಾಡ್ತೀನಿ" ಅಂದೆ. ಕೆಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದವಳು ತಲೆ ಎತ್ತಲಿಲ್ಲ.

"ಬಾಯಲ್ಲಿ ಹೇಳಿದ್ರೆ ಅದು ಜಗಳ ರೀ. ನೋಟಿಸ್ ಅಂದ್ರೆ ಬರೆದು ಕೊಡಬೇಕು. ಕಾರಣ ಸಮೇತ."

ಅವಳು ಟೈಲರ್, ಮನೆಯ ಮಾಲಕಿ. ನಾನು ಬೀಗ ರಿಪೇರಿಯವನು, ಆರು ವರ್ಷದಿಂದ ಮೇಲ್ಮನೆಯಲ್ಲಿ ಬಾಡಿಗೆಗಿದ್ದೆ. ಇಬ್ಬರಿಗೂ ನಲವತ್ತು ದಾಟಿತ್ತು, ಇಬ್ಬರಿಗೂ ಮದುವೆಯಾಗಿರಲಿಲ್ಲ, ಇಬ್ಬರಿಗೂ ಮೂಗಿನ ತುದಿಯಲ್ಲೇ ಕೋಪ. ನಾವು ಜಗಳವಾಡಿದ ದಿನ ತಾರಸಿಯ ಒದ್ದೆ ಬಟ್ಟೆ ಹತ್ತೇ ನಿಮಿಷಕ್ಕೆ ಒಣಗುತ್ತಿತ್ತು. ಪಕ್ಕದ ಮನೆಯವರು ಅವತ್ತೇ ನೋಡಿಕೊಂಡು ಕಂಬಳಿ ಒಗೆಯುತ್ತಿದ್ದರು.

ನಿಜವಾದ ಕಾರಣ ಬೇರೆಯೇ ಇತ್ತು. ಹಿಂದಿನ ಭಾನುವಾರ ಅವಳು ಫೋನಿನಲ್ಲಿ ಅಕ್ಕನಿಗೆ ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು: "ಮೇಲಿರೋರಾ? ಬಾಡಿಗೆಯವರು ಅಷ್ಟೇ."

ಆರು ವರ್ಷ ಅವಳ ಕತ್ತರಿಗೆ ಸಾಣೆ ಹಿಡಿದವನು ನಾನು. ನನ್ನ ಶರ್ಟಿನ ಒಂದು ಗುಂಡಿಯೂ ಬೀಳದ ಹಾಗೆ ನೋಡಿಕೊಂಡವಳು ಅವಳು. ಅಷ್ಟೇ ಅಂತೆ.

ಇದನ್ನೆಲ್ಲ ಬರೆಯೋದಕ್ಕಾಗುತ್ತದೆಯೇ? "ನಲ್ಲಿಯಲ್ಲಿ ನೀರು ಸಣ್ಣಗೆ ಬರುತ್ತದೆ" ಎಂದು ಬರೆದು ಅವಳ ಮೇಜಿನ ಮೇಲೆ ಕುಕ್ಕಿದೆ.

ಮರುದಿನವೇ ಪ್ಲಂಬರ್ ಬಂದ. ಅವನ ಹಿಂದೆಯೇ ಅವಳು, ಕರಾರು ಪತ್ರ ಹಿಡಿದುಕೊಂಡು.

"ಐದನೇ ಷರತ್ತು ಓದಿ. ಏಳು ದಿನದೊಳಗೆ ದೋಷ ಸರಿಪಡಿಸಿದ್ರೆ ನೋಟಿಸ್ ರದ್ದು."

ನಲ್ಲಿ ತಿರುಗಿಸಿದರೆ ನೀರು ಹಾರಿ ಎದುರುಮನೆಯ ಗಿಡಗಳಿಗೆ ಬಿತ್ತು.

"ಕಿಟಕಿ ಕಿರುಗುಟ್ಟುತ್ತದೆ" ಎಂದು ಎರಡನೇ ನೋಟಿಸ್ ಬರೆದೆ. ಅವಳೇ ಹೊಲಿಗೆ ಯಂತ್ರದ ಎಣ್ಣೆ ತಂದು, ಹಲ್ಲು ಕಚ್ಚಿಕೊಂಡು, ಕಿಟಕಿಯ ಒಂದೊಂದು ಕೀಲಿಗೂ ಬಿಟ್ಟಳು. ಬೆವರಿಗೆ ಒಂದೆಳೆ ಕೂದಲು ಕೆನ್ನೆಗೆ ಅಂಟಿತ್ತು. ಅರ್ಧ ಬಿಳಿ, ಅರ್ಧ ಕಪ್ಪು.

"ಏನ್ ನೋಡ್ತೀರಾ? ಕಿಟಕಿ ನೋಡಿ."

"ಕಿಟಕಿನೇ ನೋಡ್ತಿದ್ದೆ."

"ಬರೆಯೋದೂ ಸುಳ್ಳು, ಹೇಳೋದೂ ಸುಳ್ಳು. ಹೋಗೋದಿದ್ರೆ ನಿಜ ಬರೆದಿಟ್ಟು ಹೋಗಿ."

ಮೈಯೆಲ್ಲ ಉರಿಯಿತು. ಬಿಲ್ ಪುಸ್ತಕದ ಹಾಳೆ ಹರಿದು ಅಲ್ಲೇ ಬರೆದೆ: "ನಿಮ್ಮ ಅಕ್ಕನಿಗೆ ನನ್ನನ್ನು ಬಾಡಿಗೆಯವರು ಅಷ್ಟೇ ಎಂದಿರಿ. ಅಷ್ಟೇ ಆಗಿ ಇಲ್ಲಿರಲು ನನ್ನಿಂದಾಗುವುದಿಲ್ಲ."

ಓದಿದಳು. ಮತ್ತೆ ಓದಿದಳು. ಕಿವಿಯವರೆಗೂ ಕೆಂಪಾದಳು. ಕೋಪವೋ ಮತ್ತೊಂದೋ, ಅವಳ ಮುಖದಲ್ಲಿ ಎರಡಕ್ಕೂ ಒಂದೇ ಬಣ್ಣ. ಫೋನ್ ತೆಗೆದು ಸ್ಪೀಕರಿಗೆ ಹಾಕಿದಳು.

"ಅಕ್ಕಾ, ಮೇಲಿರೋರು ಬಾಡಿಗೆಯವರು ಅಷ್ಟೇ ಅಂದಿದ್ನಲ್ಲ, ಅದು ತಪ್ಪು."

"ಮತ್ತೆ ಯಾರೇ?"

"ಹೋಗ್ತೀನಿ ಅಂದ್ರೆ ನಂಗೆ ಊಟ ಸೇರಲ್ಲ. ಅಂಥೋರು."

"ನಂಗೆ ಮೂರು ವರ್ಷದಿಂದ ಗೊತ್ತು ಕಣೇ. ಆ ಪುಣ್ಯಾತ್ಮನಿಗೆ ಹೇಳು." ಅಕ್ಕ ಫೋನಿಟ್ಟರು.

ಅವಳು ನನ್ನತ್ತ ತಿರುಗಿದಳು. ಕೋಪ ಇನ್ನೂ ಇಳಿದಿರಲಿಲ್ಲ. "ದೋಷ ಸರಿಪಡಿಸಿದೀನಿ. ನಿಮ್ಮ ನೋಟಿಸ್ ರದ್ದು. ಈಗ ನನ್ನ ನೋಟಿಸ್ ಕೇಳಿ. ಮೇಲ್ಮನೆ ಖಾಲಿ ಮಾಡಿ."

"ಕಾರಣ?"

"ಕೆಳಗೆ ಜಾಗ ಇದೆ."

ಕರಾರು ಕರಾರೇ. "ಬರೆದು ಕೊಡಿ" ಅಂದೆ.

ಅವಳು ಜೇಬಿನಿಂದ ಬಟ್ಟೆಗೆ ಗುರುತು ಹಾಕುವ ಚಾಕ್ ತೆಗೆದು, ನನ್ನ ತೋಳು ಹಿಡಿದೆಳೆದು, ಶರ್ಟಿನ ಮೇಲೇ ಬರೆದಳು. ಸಹಿ ಸಮೇತ.

ಆ ಶರ್ಟನ್ನು ಹನ್ನೊಂದು ವರ್ಷದಿಂದ ಒಗೆದಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತೇನೆ. ನಡೆದದ್ದೇ ಬೇರೆ. ಮರುದಿನವೇ ಅವಳು ಅದನ್ನು ಒಗೆದು ತಾರಸಿಯಲ್ಲಿ ಹರವಿದಳು. ಯಾಕೆ ಒಗೆದೆ ಎಂದು ನಾನು ಜಗಳ ತೆಗೆದೆ. ಹತ್ತೇ ನಿಮಿಷಕ್ಕೆ ಒಣಗಿತು.