ಅಮಾವಾಸ್ಯೆಯ ಉಯಿಲು

"ಫೋಟೋ ಕೊಡು ಕಣ್ಲಾ! ಇಲ್ದಿದ್ರೆ ಇಲ್ಲೇ ಮಣ್ಣಾಯ್ತೀಯ!"

ಜೀಪು ನನ್ನ ಟಿವಿಎಸ್ ಫಿಫ್ಟಿಗೆ ತಾಗುವಷ್ಟು ಹತ್ತಿರ. ಎಡಗಡೆ ಬಂಡೆ. ಬಲಗಡೆ ಪ್ರಪಾತ. ಮುಂದೆ ದಿಂಬಂ ಘಾಟಿನ ತಿರುವು...

ಒಳ್ಳೆ ರೋಡು ಸ್ವಾಮಿ. ಸಾಯಲು ಇಪ್ಪತ್ತೇಳು ತಿರುವು, ಎಲ್ಲಕ್ಕೂ ಸರ್ಕಾರವೇ ನಂಬರ್ ಹಾಕಿಕೊಟ್ಟಿದೆ!

ಕೂಗುತ್ತಿದ್ದವನು ಗೆಟ್ಟವಾಡಿಯ ಮೋಹನ್. ಅವನ ಪಕ್ಕ ಮಚ್ಚು ಹಿಡಿದ ಪುಟ್ಟಬಸಪ್ಪ. ನನ್ನ ಅಂಗಿಯೊಳಗೆ ಒಂದು ಫೋಟೋ. ಹನ್ನೊಂದು ಗಂಟೆಗೆ ಅದು ಸತ್ಯಮಂಗಲದ ಕೋರ್ಟು ಮುಟ್ಟಬೇಕು.

ನನ್ನ ಕೆಲಸ ಏನು ಅಂದಿರಾ? ಜಮೀನು ತಕರಾರು ಬಿಡಿಸೋದು. ತಾಳವಾಡಿಯಲ್ಲಿ ಪತ್ತೇದಾರ ಅಂತ ಬೋರ್ಡು ಹಾಕಿದರೆ ಎಮ್ಮೆ ಕಳಕೊಂಡವರು ಮಾತ್ರ ಬರುತ್ತಾರೆ.

ಕೇಸು ಮೋಹನನ ಅಕ್ಕ ಪುಟ್ಟನಂಜಮ್ಮನದು. ಗಂಡ ಸತ್ತ ಮೇಲೆ ತವರಿಗೆ ಬಂದವಳು. ಎಂಟು ವರ್ಷ ಅಪ್ಪ ದೊಡ್ಡಯ್ಯನಿಗೆ ಬೇಯಿಸಿ ಹಾಕಿದಳು, ಹೊಲ ಗೇಯ್ದಳು. ಮೋಹನ್ ಸತ್ಯಮಂಗಲದಲ್ಲಿದ್ದ. ಆಲೂಗಡ್ಡೆ ಕಿತ್ತಾಗ ಮಾತ್ರ ಅವನಿಗೆ ಅಪ್ಪನ ನೆನಪಾಗುತ್ತಿತ್ತು.

ಅಪ್ಪ ಸತ್ತ ಹದಿನೈದನೇ ದಿನ ಜೇಬಿನಿಂದ ಉಯಿಲು ತೆಗೆದ. ಅಪ್ಪ ದುಡಿದು ಕೊಂಡ ಐದೆಕರೆ, ಅವರಿದ್ದ ಹೊಲದ ಮನೆ, ಎಲ್ಲ ಮಗನಿಗೆ. ಮಗಳಿಗೆ ಆಶೀರ್ವಾದ!

"ಮನೆ ಕಾಲಿ ಮಾಡು ಅಂತಾನೆ ಕಣಣ್ಣ. ಎಲ್ಗೋಗ್ಲಿ ನಾನು?" ಎಂದು ಅತ್ತಳು.

ಹೊಟ್ಟೆ ಉರಿಯಿತು. ಆದರೆ ಹೊಟ್ಟೆಯುರಿಗೆ ಕೋರ್ಟಲ್ಲಿ ಬೆಲೆಯಿಲ್ಲ. ಉಯಿಲಿನ ತಾರೀಖು ನೋಡಿದೆ. 2005, ಡಿಸೆಂಬರ್ 1. ಹಳೇ ಕ್ಯಾಲೆಂಡರ್ ತಿರುವಿದೆ. ಅಮಾವಾಸ್ಯೆ!

"ಅಮಾಸೇಲಿ ಅಪ್ಪ ಊರಲ್ಲೆಲ್ಲಿದ್ದನಣ್ಣ?" ಪುಟ್ಟನಂಜಮ್ಮ ಕಣ್ಣೊರೆಸಿಕೊಂಡಳು. "ತಿಂಗ್ಳುತಿಂಗ್ಳೂ ಮಾದಪ್ಪನ ಬೆಟ್ಟುಕ್ಕೆ ಓಯ್ತಿದ್ದ!"

ನಗು ತಡೆಯಲಾಗಲಿಲ್ಲ. ಕಳ್ಳ ಉಯಿಲಿಗೂ ಒಳ್ಳೆ ದಿನ ಬೇಕಲ್ಲ! ನಮ್ಮ ಕಡೆ ಅಮಾವಾಸ್ಯೆ ಮಾದಪ್ಪನ ದಿನ, ಶುಭದಿನ. ಮೋಹನ್ ಪಂಚಾಂಗ ನೋಡಿ ಹಿಂದಿನ ತಾರೀಖು ಹಾಕಿಸಿದ್ದ. ಆ ದಿನ ಅಪ್ಪ ಎಲ್ಲಿರುತ್ತಾನೆ ಎಂದು ತಿಳಿಯುವಷ್ಟು ಅಪ್ಪನ ಪರಿಚಯ ಅವನಿಗಿರಲಿಲ್ಲ.

ಸಾಕ್ಷಿ ಪುಟ್ಟಬಸಪ್ಪ. ಒಂದು ಹೊತ್ತಿನ ಊಟ ಹಾಕಿಸಿದರೆ ತೋರಿಸಿದ ಕಡೆ ಸೈನು ಹಾಕುವ ಮಹಾನುಭಾವ! 'ಅಂದು ದೊಡ್ಡಯ್ಯ ಗೆಟ್ಟವಾಡಿಯಲ್ಲೇ ನನ್ನ ಮುಂದೆ ಸೈನು ಹಾಕಿದ' ಅಂತ ಕೋರ್ಟಿಗೆ ಆಗಲೇ ಬರೆದುಕೊಟ್ಟಿದ್ದ.

ನಿನ್ನೆ ಏನಾದರೂ ಸುಳಿವು ಸಿಕ್ಕೀತೆಂದು ಅವನಿಲ್ಲದಾಗ ಅವನ ಮನೆಗೆ ಹೋದೆ. ದೇವರಗೂಡಿನಲ್ಲೇ ಈ ಫೋಟೋ ಸಿಕ್ಕಿತು. ಬೆಟ್ಟದ ಗೋಪುರದ ಮುಂದೆ ಮುಡಿ ಕೊಟ್ಟ ಎರಡು ಬೋಳುತಲೆ. ಒಂದು ದೊಡ್ಡಯ್ಯನದು. ಇನ್ನೊಂದು... ಪುಟ್ಟಬಸಪ್ಪನದೇ! ಮೂಲೆಯಲ್ಲಿ ಕೆಂಪಗೆ ತಾರೀಖು, 1-12-2005.

"ಲ್ಯಾಮಿನೇಷನ್ ಮಾಡಿಸ್ಕೊಡ್ತೀನಿ" ಅಂದೆ. ಅವನ ಹೆಂಡತಿ ಮಹಾತಾಯಿ, ಕಣ್ಣಿಗೊತ್ತಿಕೊಂಡು ಕೊಟ್ಟಳು. ಬೆಳಿಗ್ಗೆ ಗಂಡನಿಗೂ ಹೇಳಿದಳು. ಅದಕ್ಕೇ ಈ ಮೆರವಣಿಗೆ...

ತಿರುವಿನಲ್ಲಿ ಕಬ್ಬಿನ ಲಾರಿ ಅಡ್ಡಡ್ಡ ಸಿಕ್ಕಿಕೊಂಡಿತ್ತು. ಎಂದಿನಂತೆ! ಲಾರಿಗೂ ತಡೆಗೋಡೆಗೂ ನಡುವೆ ಎರಡಡಿ ಜಾಗ.

ನುಗ್ಗಿಸಿದೆ.

ಮೊಣಕೈ ಚರ್ಮ ಗೋಡೆಗೆ ಹೋಯಿತು. ಜೀವ ನನ್ನ ಹತ್ತಿರವೇ ಉಳಿಯಿತು. ಜೀಪು ಕಿರ್ರೆಂದು ನಿಂತಿತು.

"ಕೈಗೆ ಸಿಗು ಕಣ್ಲಾ ನೀನು!" ಮೋಹನ್ ಅರಚಿದ.

"ಕೋರ್ಟಲ್ಲಿ ಸಿಗ್ತೀನಿ, ಬಾರಪ್ಪ!"

ಬಂದರು. ತಡವಾಗಿ. ನಮ್ಮ ವಕೀಲರಮ್ಮ ಪುಟ್ಟಬಸಪ್ಪನಿಗೆ ಫೋಟೋ ತೋರಿಸಿದರು.

"ಇದು ಯಾರು?"

"ನಾನಲ್ಲ ಬುಡಿ."

"ಹಿಂದೆ ಇರೋದು ಯಾರ ಗುಡಿ?"

"ನಮ್ ಮಾದಪ್ಪುಂದು." ಪುಟ್ಟಬಸಪ್ಪ ಹೆಗಲ ಮೇಲಿನ ಟವಲು ಕೆಳಗಿಳಿಸಿದ.

"ನೀವಲ್ಲ ಅಂತ ಆ ಮಾದಪ್ಪನ ಮೇಲೆ ಆಣೆ ಇಟ್ಟು ಹೇಳಿಬಿಡಿ."

ಕೋರ್ಟಿಗೆ ಸುಳ್ಳು ಹೇಳಲು ಅವನಿಗೇನೂ ಹೆದರಿಕೆಯಿಲ್ಲ. ಕೋರ್ಟು ಬರೀ ಜೈಲಿಗೆ ಹಾಕುತ್ತದೆ. ಮಾದಪ್ಪ ಅಷ್ಟಕ್ಕೇ ಬಿಡುವವನಲ್ಲ! ಜಡ್ಜನ್ನು ಬಿಟ್ಟು ಫೋಟೋಗೆ ಕೈಮುಗಿದ.

"ತಪ್ಪಾಯ್ತು ಕಣಪ್ಪ ಮಾದಪ್ಪ! ದೊಡ್ಡಯ್ಯ ಸತ್ ಮ್ಯಾಲೆ ಸೈನ್ ಆಕ್ಸಿದ್ದು ಈ ಮೋಹ್ನ!"

ತೀರ್ಪಿಗೆ ಏಳು ತಿಂಗಳಾಯಿತು. ಉಯಿಲು ಬಿದ್ದುಹೋಯಿತು. ಭಾಗ ಮಾಡಿದಾಗ ಅರ್ಧ ಹೊಲ ಮತ್ತು ಹೊಲದ ಮನೆ ಪುಟ್ಟನಂಜಮ್ಮನ ಪಾಲಿಗೆ ಬಂದವು. ಅಳತೆ ಮುಗಿದ ದಿನ ಮೋಹನ್ ಅವಳ ಮುಂದೆ ನಿಂತು ಹಲ್ಲು ಕಡಿದ.

"ಅರ್ಧ ಒಲ ಕಿತ್ಕಂಡೆ. ಇವತ್ತಿಂದ ತವರುಮನೆ ಬಾಗ್ಲು ನಿಂಗೆ ಮುಚ್ಚೋಯ್ತು ಕಣಕ್ಕ!"

ಪುಟ್ಟನಂಜಮ್ಮ ಬೀಗದಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡಳು.

"ಆ ಮನೆ ನಂದೇ ಆಯ್ತಲ್ಲಪ್ಪ. ನೀನು ಬರವಾಗ ಬಾಗ್ಲು ತಟ್ಬುಟ್ಟು ಬಾ!"